ಎಂಟಿಂಚಿನ ಟೆಲಿಸ್ಕೋಪಿನಲ್ಲಿ ಕ್ರ್ಯಾಬ್‌ನ ದೂರ ಅಳೆದ ಕಥೆ

ಕ್ರ್ಯಾಬ್ ನೆಬ್ಯುಲಾ ಅಂದರೆ 1054ರಲ್ಲಿ ಸಿಡಿದದ್ದು ಕಂಡ ನಕ್ಷತ್ರದ ಅವಶೇಷ, ಇನ್ನೂ ಹಿಗ್ಗುತ್ತಿರುವ ಅನಿಲದ ಮೋಡ. ಅದರ ದೂರ ಅಳೆಯುತ್ತೇನೆ ಅಂದಾಗ "ಎಂಟಿಂಚಿನಲ್ಲಿ ಆಗೋ ಮಾತಲ್ಲ ಬಿಡು" ಅಂದವರೇ ಈಗ ಲೆಕ್ಕದ ಹಾಳೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಫೋಟೋ. 1950ರ ದಶಕದಲ್ಲಿ ಅಮೆರಿಕದ ಪಾಲೊಮಾರ್ ವೀಕ್ಷಣಾಲಯ ತೆಗೆದ ಆಕಾಶದ ಫೋಟೋ ಪ್ಲೇಟುಗಳ ಸ್ಕ್ಯಾನ್ ಪುಕ್ಕಟೆ ಸಿಗುತ್ತದೆ. ಅದರ ಮೇಲೆ ನನ್ನ ಫೋಟೋ ಕೂರಿಸಿ ನೆಬ್ಯುಲಾದ ಹೊರ ಅಂಚು ಅಳೆದೆ. ಮೂರು ತಿಂಗಳು ದಂಡ. ಎಕ್ಸ್‌ಪೋಶರ್ ಜಾಸ್ತಿ ಕೊಟ್ಟಷ್ಟೂ ಅಂಚು ಆಚೆ ಹೋಗುತ್ತೆ, ಅಲ್ವಾ? ಕೊನೆಗೆ ಅನಿಲದ ಎಳೆಗಳ ಮೇಲಿನ ಸಣ್ಣ ಗಂಟುಗಳನ್ನು ಹಿಡಿದೆ. ಎಪ್ಪತ್ತು ವರ್ಷದಲ್ಲಿ ಮೊಟ್ಟೆಯಾಕಾರದ ನೆಬ್ಯುಲಾದ ಉದ್ದದ ತುದಿಯವು ಸುಮಾರು 16 ಆರ್ಕ್ ಸೆಕೆಂಡ್ (ಒಂದು ಆರ್ಕ್ ಸೆಕೆಂಡ್ ಅಂದರೆ ಡಿಗ್ರಿಯ 3,600ರಲ್ಲಿ ಒಂದು ಭಾಗ), ಅಡ್ಡ ಬದಿಯವು 11 ಸರಿದಿದ್ದವು. ಸ್ಕ್ಯಾನಿನಲ್ಲಿ 11 ಅಂದರೆ ಆರೇಳು ಪಿಕ್ಸೆಲ್, ಅಷ್ಟೇ. ಯಾವ ಗಂಟುಗಳು ಅಂತ ಮಾತ್ರ ಕೇಳಬೇಡಿ.

ದುಡ್ಡು ಹೋಗಿದ್ದು ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಸ್ಪೆಕ್ಟ್ರೋಗ್ರಾಫ್‌ಗೆ. ಎರಡು ತಿಂಗಳ ಸಂಬಳ. ಮನೆಯಲ್ಲಿ ಅರ್ಧವೇ ಹೇಳಿದ್ದೆ. ಅದರ ಸ್ಲಿಟ್ಟನ್ನು (ಬೆಳಕು ಒಳಬರುವ ಸಣ್ಣ ಕಿಂಡಿ) ನೆಬ್ಯುಲಾದ ನಡುವಿಗೆ ಇಟ್ಟರೆ ಆಕ್ಸಿಜನ್‌ನ 5007 ಆಂಗ್‌ಸ್ಟ್ರಾಮ್ (ಬೆಳಕಿನ ಅಲೆಯುದ್ದದ ಅಳತೆ) ಗೆರೆ ಎರಡಾಗಿ ಸೀಳಬೇಕು: ನಮ್ಮ ಕಡೆ ಬರುವ ಗೋಡೆಯದು ನೀಲಿಯತ್ತ ಸರಿದದ್ದೊಂದು, ಆಚೆ ಹೋಗುವ ಗೋಡೆಯದು ಕೆಂಪಿನತ್ತ ಸರಿದದ್ದೊಂದು. 4959 ಗೆರೆಯೂ ಹಾಗೇ, ಒಟ್ಟು ನಾಲ್ಕು. ನನಗೆ ಕಂಡಿದ್ದು ಮೂರು! ಸ್ಲಿಟ್ ಕೆಟ್ಟಿದೆ ಅಂತ ಎರಡು ಸಲ ಬಿಚ್ಚಿ ಜೋಡಿಸಿದೆ. ಸ್ಲಿಟ್ ಸರಿಯಾಗೇ ಇತ್ತು. ಎರಡು ಗೆರೆಗಳ ನಡುವಿನ ಅಂತರ 48 ಆಂಗ್‌ಸ್ಟ್ರಾಮ್, ಸೀಳು ಹೆಚ್ಚುಕಮ್ಮಿ 50. ಹಾಗಾಗಿ ಒಂದರ ಕೆಂಪು ಭಾಗ ಇನ್ನೊಂದರ ನೀಲಿ ಭಾಗದ ಮೇಲೇ ಕೂತಿತ್ತು. ನಡುವಿನ ಆ ಗುಡ್ಡೆಯನ್ನು ಬಿಟ್ಟುಬಿಟ್ಟೆ. ಹೊರಗಿನ ಎರಡು ತುದಿ, 4934 ಮತ್ತು 5032, ಶುದ್ಧವಾಗಿವೆ. ಅವುಗಳ ನಡುವಿನ 98ರಲ್ಲಿ 48 ಕಳೆದರೆ 50. ಅಂದರೆ ಒಂದೊಂದು ಬದಿಗೆ ಸೆಕೆಂಡಿಗೆ 1,500 ಕಿ.ಮೀ.

ಈ ವೇಗಕ್ಕೆ ಗಂಟುಗಳು ಆಕಾಶದಲ್ಲಿ ಅಷ್ಟೇ ಸರಿದು ಕಾಣಬೇಕಾದರೆ ನೆಬ್ಯುಲಾ ಎಷ್ಟು ದೂರ ಇರಬೇಕು ಅನ್ನೋದೇ ಲೆಕ್ಕ. ನೆಬ್ಯುಲಾದ ಆಳ ಅದರ ಅಡ್ಡಗಲದಷ್ಟೇ ಅಂದುಕೊಂಡರೆ ದೂರ ಸುಮಾರು 6,500 ಜ್ಯೋತಿರ್ವರ್ಷ ಬರುತ್ತೆ. ಎಲ್ಲರೂ ಒಪ್ಪಿದ ಸಂಖ್ಯೆಯೂ ಅದೇ! ಆಳ ಉದ್ದದಷ್ಟು ಅಂದರೆ 4,500ಕ್ಕೆ ಇಳಿಯುತ್ತೆ. ನಿಜವಾದ ತಲೆನೋವು ಈ ಆಕಾರವೇ, ಟೆಲಿಸ್ಕೋಪ್ ಅಲ್ಲ.

ಸುಮ್ನೆ ಗಂಟುಗಳನ್ನು ಹಿಂದಕ್ಕೆ ಓಡಿಸಿಯೂ ನೋಡಿದೆ. ಸ್ಫೋಟದ ವರ್ಷ 1054 ಬರಬೇಕಿತ್ತು, 1130ರ ಆಸುಪಾಸು ಬಂತು. ಗಾಬರಿಯಾಗಿ ಎಲ್ಲ ಮತ್ತೆ ಅಳೆದೆ. ತಪ್ಪು ನನ್ನದಲ್ಲ, ನಡುವಿನ ಪಲ್ಸಾರ್ (ಸ್ಫೋಟದಲ್ಲಿ ಉಳಿದ, ಗಿರಗಿರ ತಿರುಗುವ ನಕ್ಷತ್ರದ ತಿರುಳು) ಎಳೆಗಳನ್ನು ತಳ್ಳಿ ವೇಗ ಹೆಚ್ಚಿಸಿದೆ.

1572ರಲ್ಲಿ ಕಂಡ ಇನ್ನೊಂದು ನಕ್ಷತ್ರ ಸ್ಫೋಟದ, ಟೈಕೋ ಅನ್ನೋ ಅವಶೇಷದ ಮೇಲೂ ಆರು ರಾತ್ರಿ ಸುರಿದೆ. ಎಚ್-ಆಲ್ಫಾದಲ್ಲಿ (ಹೈಡ್ರೋಜನ್‌ನ ಕೆಂಪು ಬೆಳಕಿನಲ್ಲಿ) ಪೂರ್ವದ ಅಂಚಿನಲ್ಲಿ ಕೂದಲೆಳೆಯಷ್ಟು ಏನೋ ಕಂಡಿತು. ಸ್ಲಿಟ್ಟಿಗೆ ಅಷ್ಟು ಬೆಳಕು ಏನೇನೂ ಸಾಲದು.