ಕಬ್ಬಿಣದ ಊರಿನಲ್ಲಿ ಹವಳದ ತೊಟ್ಟಿ: ಫಾಸ್ಫೇಟ್ ಇಳಿಸಿದ ನನ್ನ ಅನುಭವ

ಬಳ್ಳಾರಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ವರ್ಷಗಳಿಂದ ಒಂದು ಉಪ್ಪುನೀರಿನ ತೊಟ್ಟಿ ಇದೆ. ಗಾಜಿನ ತೊಟ್ಟಿ ಮತ್ತು ಅದರ ಕೆಳಗಿನ ಸಂಪು ಸೇರಿ ಸುಮಾರು 250 ಲೀಟರ್ ನೀರು ಹಿಡಿಯುತ್ತವೆ. ನಮ್ಮ ಕಡೆ ಸಂಪು ಎಂದರೆ ಅಂಗಳದ ನೆಲದಡಿ ನಲ್ಲಿಯ ನೀರು ತುಂಬುವ ತೊಟ್ಟಿ. ಇಲ್ಲಿ ಅದು ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಮತ್ತು ಪಂಪುಗಳು ಕುಳಿತಿರುವ ಎರಡನೆಯ ಗಾಜಿನ ಪೆಟ್ಟಿಗೆ. ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಇರುವುದರಿಂದ ನಾನು ಅವುಗಳ ಗೋಜಿಗೆ ಹೋಗಿಲ್ಲ. ಲೆದರ್, ಮಶ್ರೂಮ್ ಮತ್ತು ಝೋವಾ ಎಂದು ಹವ್ಯಾಸಿಗಳು ಕರೆಯುವ ಮೆತ್ತನೆಯ ಜೀವಿಗಳಷ್ಟೇ ನನ್ನಲ್ಲಿವೆ.

ಮೂರನೆಯ ವರ್ಷ ಬಂಡೆಗಳ ಮೇಲೆ ಕೂದಲಿನಂಥ ಹಸಿರು ಪಾಚಿ ಹಬ್ಬಿತು. ಇಂಥ ಪಾಚಿಗೆ ಗೊಬ್ಬರವಾಗುವುದು ಮೀನಿನ ಆಹಾರದಿಂದ ನೀರಿಗೆ ಸೇರುವ ಫಾಸ್ಫೇಟ್. ಅದನ್ನು ಅಳೆಯಲು ಆವರೆಗೆ ನಾನು ಬಣ್ಣ ಹೋಲಿಸಿ ನೋಡುವ ಅಗ್ಗದ ಟೆಸ್ಟ್ ಕಿಟ್ ಬಳಸುತ್ತಿದ್ದೆ. ಅದರಲ್ಲಿ ತಿಳಿನೀಲಿಗೂ ಇನ್ನೂ ತಿಳಿಯಾದ ನೀಲಿಗೂ ಇರುವ ವ್ಯತ್ಯಾಸ ನನ್ನ ಕಣ್ಣಿಗೆ ಎಂದೂ ಖಚಿತವಾಗಲಿಲ್ಲ. ಕೊನೆಗೆ ಹ್ಯಾನ್ನಾ ಕಂಪನಿಯ ಡಿಜಿಟಲ್ ಮಾಪಕವನ್ನು ತರಿಸಿದೆ. ಅದು ತೋರಿಸುವುದು ಫಾಸ್ಫೇಟನ್ನಲ್ಲ, ಫಾಸ್ಫರಸ್ಸನ್ನು, ಅದೂ ಪಿಪಿಬಿ (ನೂರು ಕೋಟಿಯಲ್ಲಿ ಎಷ್ಟು ಭಾಗ) ಲೆಕ್ಕದಲ್ಲಿ. ಅದನ್ನು 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಫಾಸ್ಫೇಟಿನ ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಸಿಗುತ್ತದೆ. ನನಗೆ ಬಂದ 137 ಎಂಬ ಅಂಕಿ ಹೀಗೆ 0.42 ಪಿಪಿಎಂ ಆಯಿತು. ಹವಳದ ತೊಟ್ಟಿಯಲ್ಲಿ ಸಾಮಾನ್ಯವಾಗಿ 0.03ರಿಂದ 0.1ರ ಒಳಗೆ ಇರಿಸಲು ಯತ್ನಿಸುತ್ತಾರೆ. ಪಾಚಿ ತಾನೇ ಹೀರಿಕೊಂಡು ಬೆಳೆಯುತ್ತಿರುವಾಗಲೂ ನೀರಿನಲ್ಲಿ ಇಷ್ಟು ಉಳಿದಿತ್ತೆಂದರೆ ಒಟ್ಟು ಹೊರೆ ಇನ್ನೂ ಹೆಚ್ಚೇ ಇದ್ದಿರಬೇಕು.

ಇದಕ್ಕೆ ಹವ್ಯಾಸಿಗಳು ಬಳಸುವುದು ಜಿಎಫ್‌ಒ ಎಂಬ ಹರಳು ಹರಳಾದ ಕಬ್ಬಿಣದ ಆಕ್ಸೈಡನ್ನು. ಇದನ್ನು ಉರುಟು ಕೊಳವೆಯಂಥ ರಿಯಾಕ್ಟರಿನಲ್ಲಿ ಎರಡು ಸ್ಪಾಂಜುಗಳ ನಡುವೆ ತುಂಬಿ, ಚಿಕ್ಕ ಪಂಪಿನಿಂದ ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಬೇಕು. ನೀರಿನಲ್ಲಿರುವ ಫಾಸ್ಫೇಟ್ ಹರಳುಗಳ ಮೈಗೆ ಅಂಟಿಕೊಂಡು ಉಳಿಯುತ್ತದೆ. ಪಾರ್ಸಲ್ ಬಂದ ದಿನ ಗಣಿಯಲ್ಲಿ ಕೆಲಸ ಮಾಡುವ ಗೆಳೆಯರೊಬ್ಬರು ಮನೆಯಲ್ಲಿದ್ದರು. “ಸಂಡೂರಾಗ ಗುಡ್ಡಗಟ್ಟಲೆ ಅದಿರು ಬಿದ್ದಿರುವಾಗ ರೊಕ್ಕ ಕೊಟ್ಟು ಕಬ್ಬಿಣದ ಪುಡಿ ಯಾಕ ತರಸ್ತೀರಿ?” ಎಂದು ನಕ್ಕರು. ಪ್ರಶ್ನೆ ತಮಾಷೆಯದಾದರೂ ಉತ್ತರ ಉಪಯುಕ್ತವೇ. ಸಂಡೂರಿನ ಹೆಮಟೈಟ್ ಅದಿರು ಗಟ್ಟಿ ಕಲ್ಲು, ಫಾಸ್ಫೇಟ್ ಅಂಟಲು ಬೇಕಾದ ಮೇಲ್ಮೈ ಅದರಲ್ಲಿ ಕಡಿಮೆ. ಜಿಎಫ್‌ಒ ಹರಳಿನ ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿದ್ದು, ಅದರ ಕೆಲಸವೆಲ್ಲ ನಡೆಯುವುದು ಆ ಒಳಮೈಯಲ್ಲೇ. ಅಲ್ಲದೆ ಅದಿರಿನ ಜೊತೆಗೆ ಬೇರೆ ಯಾವ ಲೋಹಗಳು ನೀರಿಗಿಳಿಯುತ್ತವೆ ಎಂಬುದಕ್ಕೆ ಖಾತ್ರಿಯಿಲ್ಲ.

ನಾನು ತಪ್ಪಿದ್ದು ಪ್ರಮಾಣದಲ್ಲಿ. 250 ಲೀಟರಿಗೆ ಪೂರ್ತಿ ಅಳತೆ ಎಂದು 240 ಮಿಲಿಲೀಟರಿನಷ್ಟು ಹರಳನ್ನು ಒಂದೇ ಸಲಕ್ಕೆ ತುಂಬಿದೆ. ಮೂರೇ ದಿನದಲ್ಲಿ ಮಾಪಕ 16 ತೋರಿಸಿತು, ಅಂದರೆ 0.05 ಪಿಪಿಎಂ. ಆ ಸಂಭ್ರಮ ನಾಲ್ಕನೆಯ ದಿನಕ್ಕೇ ಮುಗಿಯಿತು. ಲೆದರ್ ಹವಳ ತನ್ನ ಬಾಹುಗಳನ್ನೆಲ್ಲ ಒಳಗೆಳೆದುಕೊಂಡು ಬೋಳಾಗಿ ನಿಂತಿತು, ಝೋವಾಗಳು ಮೊಗ್ಗಿನಂತೆ ಮುಚ್ಚಿಕೊಂಡವು. ಅದನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ. ತಿಂಗಳುಗಟ್ಟಲೆ ಹೆಚ್ಚಿನ ಫಾಸ್ಫೇಟಿಗೆ ಒಗ್ಗಿಕೊಂಡ ಜೀವಿಗೆ ಅದು ಒಮ್ಮೆಲೇ ಕುಸಿದರೆ, ತಲುಪಿದ ಅಂಕಿ ಎಷ್ಟೇ ಒಳ್ಳೆಯದಿದ್ದರೂ, ಆ ಕುಸಿತವೇ ಪೆಟ್ಟು. ರಿಯಾಕ್ಟರನ್ನು ಅಂದೇ ನಿಲ್ಲಿಸಿದೆ. ವಾರದೊಳಗೆ ಅಂಕಿ 0.28ಕ್ಕೆ ಮರಳಿತು, ನಾನು ಮೀನಿಗೆ ಹಾಕಿದ ಆಹಾರ ಅಷ್ಟನ್ನು ತರಲು ಸಾಧ್ಯವೇ ಇರಲಿಲ್ಲ. ಅದು ಬಂದದ್ದು ಬಂಡೆಗಳಿಂದ. ಅವು ಕ್ಯಾಲ್ಸಿಯಂ ಕಾರ್ಬೋನೇಟಿನ ಬಂಡೆಗಳು. ನೀರಿನಲ್ಲಿ ಫಾಸ್ಫೇಟ್ ಹೆಚ್ಚಿದ್ದಾಗ ಹಿಡಿದಿಟ್ಟುಕೊಂಡು, ಕಡಿಮೆಯಾದಾಗ ಬಿಟ್ಟುಕೊಡುತ್ತವೆ. ಹಾಗಾಗಿ ನಾನು ಖಾಲಿ ಮಾಡಬೇಕಿದ್ದುದು ನೀರನ್ನಲ್ಲ, ಮೂರು ವರ್ಷ ತುಂಬಿಕೊಂಡ ಬಂಡೆಯನ್ನು.

ಎರಡನೆಯ ಸಲ 60 ಮಿಲಿಲೀಟರಿನಿಂದ ಆರಂಭಿಸಿದೆ. ಹೊಸ ಹರಳನ್ನು ಮೊದಲು ಬಕೆಟ್ಟಿನಲ್ಲಿ ಆರ್‌ಒ ನೀರಿನಿಂದ ತೊಳೆಯಬೇಕು; ಬರುವ ನೀರು ಅದಿರು ಲಾರಿ ಹಾದುಹೋದ ರಸ್ತೆಯಲ್ಲಿ ಮಳೆ ಬಿದ್ದಾಗ ಹರಿಯುವ ನೀರಿನಂತೆಯೇ ಕೆಂಪಾಗಿರುತ್ತದೆ, ಅದು ತಿಳಿಯಾಗುವವರೆಗೆ ಬಿಡಬಾರದು. ಹರಿವನ್ನು ಅಳೆಯಲು ನನ್ನ ಉಪಾಯ ಸರಳ: ರಿಯಾಕ್ಟರಿನ ಹೊರಗೊಳವೆಯನ್ನು ಒಂದು ಲೀಟರಿನ ಜಗ್ಗಿಗೆ ಹಿಡಿದು, ಅದು 30 ಸೆಕೆಂಡಿಗೆ ತುಂಬುವಂತೆ ವಾಲ್ವನ್ನು ತಿರುಗಿಸುತ್ತೇನೆ, ಗಂಟೆಗೆ 120 ಲೀಟರ್ ಆಯಿತು. ಮೇಲಿನ ಹರಳು ಮಾತ್ರ, ಕುದಿಯಲು ತೊಡಗಿದ ಅಕ್ಕಿಯಂತೆ, ಮೆಲ್ಲಗೆ ಅಲುಗಾಡಬೇಕು. ಜೋರಾದರೆ ಹರಳುಗಳು ಒಂದಕ್ಕೊಂದು ಉಜ್ಜಿ ಪುಡಿಯಾಗಿ ತೊಟ್ಟಿಗೆ ಸೇರುತ್ತವೆ. ನಿಧಾನವಾದರೆ ಒದ್ದೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತವೆ. ನನಗೆ ಒಮ್ಮೆ ಹೀಗಾಗಿ ಚಮಚದಿಂದ ಕೆತ್ತಿ ತೆಗೆಯಬೇಕಾಯಿತು. ಕ್ಷಾರೀಯತೆಯೂ ಹರಳು ಬದಲಿಸಿದಾಗ ಸ್ವಲ್ಪ ಇಳಿಯುವುದರಿಂದ ಮರುದಿನ ಅದನ್ನೂ ಅಳೆಯುತ್ತೇನೆ.

ಹರಳು ಯಾವಾಗ ಬದಲಿಸಬೇಕೆಂಬುದಕ್ಕೆ ಕ್ಯಾಲೆಂಡರ್ ನೋಡುವುದನ್ನು ಬಿಟ್ಟೆ. ವಾರಕ್ಕೊಮ್ಮೆ ತೊಟ್ಟಿಯ ನೀರನ್ನೂ ರಿಯಾಕ್ಟರಿನಿಂದ ಹೊರಬರುವ ನೀರನ್ನೂ ಅಳೆದು, ಎರಡೂ ಒಂದೇ ಆದಾಗ ಹರಳು ತುಂಬಿತೆಂದು ತಿಳಿಯುತ್ತೇನೆ. ಮೊದಲ ಕಂತು ಹನ್ನೊಂದೇ ದಿನಕ್ಕೆ ತುಂಬಿತು. ಬಂಡೆಯ ಪಾಲನ್ನು ಲೆಕ್ಕ ಹಿಡಿದರೂ ಇದು ಅತಿಯಾಯಿತೆನ್ನಿಸಿ ಹುಡುಕಿದಾಗ, ದೋಷ ನೀರಿನ ಫಿಲ್ಟರಿನಲ್ಲಿ ಸಿಕ್ಕಿತು. ನಮ್ಮ ಬೋರಿನ ಗಡಸು ನೀರನ್ನು ಆರ್‌ಒ ಮತ್ತು ಅದರಾಚೆ ಉಳಿದ ಲವಣಗಳನ್ನು ಹಿಡಿಯುವ ಡಿಐ ರೆಸಿನ್ ಮೂಲಕ ಹಾಯಿಸಿ ಬಳಸುತ್ತೇನೆ. ರೆಸಿನ್ ಸವೆದು, ಸೊನ್ನೆ ಇರಬೇಕಾದ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 9 ಆಗಿತ್ತು. ಸವೆದ ರೆಸಿನ್ ಬೇಗನೆ ಬಿಟ್ಟುಕೊಡುವವುಗಳಲ್ಲಿ ಸಿಲಿಕೇಟ್ ಒಂದು, ಜಿಎಫ್‌ಒ ಅದನ್ನೂ ಹಿಡಿಯುತ್ತದೆ, ಹೀಗಾಗಿ ಫಾಸ್ಫೇಟಿಗೆ ಇರಬೇಕಾದ ಜಾಗ ಅದಕ್ಕೆ ಹೋಗುತ್ತಿತ್ತು. ಬಳ್ಳಾರಿಯ ಬೇಸಿಗೆಯಲ್ಲಿ ನನ್ನ ತೊಟ್ಟಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ತುಂಬಿಸಬೇಕಾಗುತ್ತದೆ. ಆವಿಯಾಗುವುದು ಶುದ್ಧ ನೀರು ಮಾತ್ರ, ಅದರಲ್ಲಿ ಕರಗಿದ್ದೆಲ್ಲ ಒಳಗೇ ಉಳಿಯುತ್ತದೆ. ತಂಪು ಊರಿನವರಿಗಿಂತ ನಮಗೆ ರೆಸಿನ್ನಿನ ಮೇಲೆ ಹೆಚ್ಚು ಕಣ್ಣಿರಬೇಕು.

ರೆಸಿನ್ ಬದಲಿಸಿದ ಮೇಲೆ ಒಂದು ಕಂತು ಮೂರು ವಾರ ಬಂತು. ಫ್ರೋಜನ್ ಆಹಾರವನ್ನು ಜಾಲರಿಯಲ್ಲಿ ಕರಗಿಸಿ, ಅದರ ರಸವನ್ನು ಚೆಲ್ಲಿ ಹಾಕುವ ಅಭ್ಯಾಸವನ್ನೂ ಆಗಲೇ ಮಾಡಿಕೊಂಡೆ, ಲಾಭ ಸಣ್ಣದು. 0.28ರಿಂದ 0.07ಕ್ಕೆ ಇಳಿಯಲು ನಾಲ್ಕು ತಿಂಗಳು ಬೇಕಾಯಿತು, ಲೆದರ್ ಎರಡನೆಯ ತಿಂಗಳಲ್ಲೇ ಅರಳಿತ್ತು. ಅಲ್ಲಿಂದ ಕೆಳಗೆ ನಾನು ಇಳಿಸುತ್ತಿಲ್ಲ. ಫಾಸ್ಫೇಟ್ ಪೂರ್ತಿ ಸೊನ್ನೆಯಾದ ತೊಟ್ಟಿಗಳಲ್ಲಿ ಡೈನೋಫ್ಲಾಜೆಲೇಟುಗಳೆಂಬ ಸೂಕ್ಷ್ಮಜೀವಿಗಳ ಕಂದು ಲೋಳೆ ಕಾಣಿಸಿಕೊಳ್ಳುವುದುಂಟು, ಅದಕ್ಕೆ ಹೋಲಿಸಿದರೆ ಹಸಿರು ಪಾಚಿಯೇ ವಾಸಿ.

ಈಗ ರಿಯಾಕ್ಟರಿನಲ್ಲಿ 40 ಮಿಲಿಲೀಟರ್ ಹರಳಿದೆ. ಕರೆಂಟು ಐದಾರು ಗಂಟೆ ಹೋದ ದಿನ ಮಾತ್ರ ಪಂಪನ್ನು ನೇರವಾಗಿ ಹಚ್ಚುವುದಿಲ್ಲ. ಕೊಳವೆಯೊಳಗೆ ನಿಂತ ನೀರಿನಲ್ಲಿ ಆಮ್ಲಜನಕ ಮುಗಿದಿರುತ್ತದೆ, ಆದ್ದರಿಂದ ಮೊದಲ ಎರಡು ಲೀಟರನ್ನು ಬಕೆಟ್ಟಿಗೆ ಬಿಟ್ಟು, ನಂತರ ಹೊರಗೊಳವೆಯನ್ನು ಸಂಪಿಗೆ ಇಳಿಸುತ್ತೇನೆ.