ಕೇಪಳದ ಚಿಗುರು ಹಳದಿಯಾದರೆ ಗೊಬ್ಬರ ಸುರಿಯಬೇಡಿ

ಚಳಿಗಾಲದಲ್ಲಿ ಪುಣೆಯ ನರ್ಸರಿಗಳಿಗೆ ಬರುವ ಅಜೇಲಿಯಾಕ್ಕೆ ಮನಸೋಲದವರು ಕಡಿಮೆ. ಆದರೆ ತಂಪು ಸೀಮೆಯ ಆ ಗಿಡ ಇಲ್ಲಿನ ಏಪ್ರಿಲ್ ಬಿಸಿಲು ದಾಟುವುದು ಕಷ್ಟ. ಗೊಂಚಲು ಹೂವೇ ಬೇಕೆಂದರೆ ನಮ್ಮ ಕರಾವಳಿಯ ಕೆಂಪು ಕೇಪಳ (ಇಕ್ಸೋರಾ) ಹಾಕಿ. ಒಂದು ಹಟ ಮಾತ್ರ ಎರಡಕ್ಕೂ ಇದೆ: ಮಣ್ಣು ಹುಳಿಯಾಗಿರಬೇಕು, ಸುಣ್ಣ ಸುತರಾಂ ಆಗದು.

ಊರಲ್ಲಿ ಗುಡ್ಡದ ಬದಿಗೆ ತಾನಾಗಿ ಹೂಬಿಡುವ ಕೇಪಳ ಇಲ್ಲಿ ಸೊರಗುವುದು ಇದಕ್ಕೇ. ಪುಣೆಯ ಕಪ್ಪು ಮಣ್ಣಿನಲ್ಲಿ ಮೊದಲೇ ಸುಣ್ಣ ಇರುತ್ತದೆ, ಸೊಸೈಟಿ ತೋಟಗಳಲ್ಲಿ ಸಿಮೆಂಟಿನ ಚೂರು ಬೇರೆ. ಒಂದು ಚಮಚ ಒಣಮಣ್ಣಿಗೆ ವಿನೆಗರ್ ಹನಿಸಿ. ನೊರೆಯೆದ್ದರೆ ಆ ಜಾಗ ಬಿಟ್ಟುಬಿಡಿ. ಗಂಧಕ ಹಾಕಿ ತಿದ್ದಲು ಹೋದರೆ ದುಡ್ಡು ದಂಡ, ಇರುವ ಸುಣ್ಣವೆಲ್ಲ ಮುಗಿಯುವ ತನಕ ಮಣ್ಣು ಹುಳಿಯಾಗುವುದಿಲ್ಲ. 12 ಇಂಚಿನ ಕುಂಡವೇ ವಾಸಿ. ಕೆಂಪು ಜಂಬಿಟ್ಟಿಗೆ ಮಣ್ಣು 2 ಪಾಲು, ಕಳಿತ ಎಲೆಗೊಬ್ಬರ 1, ತೊಳೆದ ತೆಂಗಿನನಾರಿನ ಪುಡಿ 1, ದಪ್ಪ ಮರಳು ಅರ್ಧ ಪಾಲು. ಮೊಟ್ಟೆ ಸಿಪ್ಪೆ, ಒಲೆ ಬೂದಿ, ಮೂಳೆಪುಡಿ ಗುಲಾಬಿಗಿರಲಿ, ಇದರ ಹತ್ತಿರ ತರಬೇಡಿ.

ಹಳೆಯ ಎಲೆ ಹಸಿರಿದ್ದು, ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಸುಣ್ಣದಿಂದಾಗಿ ಬೇರಿಗೆ ಎಟುಕುವುದಿಲ್ಲ. ಲೀಟರ್ ನೀರಿಗೆ 3 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ನಿಂಬೆಹುಳಿ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಆಗಲೇ ಸಂಜೆ ಹೊತ್ತಲ್ಲಿ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಹತ್ತು ದಿನಕ್ಕೊಮ್ಮೆ, ಮೂರು ಸಲ. ಕಲಸಿಟ್ಟ ದ್ರಾವಣ ಕಂದುಬಣ್ಣಕ್ಕೆ ತಿರುಗಿದರೆ ಚೆಲ್ಲಿ, ಅದು ಕೆಲಸಕ್ಕೆ ಬಾರದು. ನೆಲದ ಟೈಲ್ಸಿಗೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಹಳೇ ಪೇಪರ್ ಹಾಸಿಕೊಳ್ಳಿ. ಮೊದಲೇ ಹಳದಿಯಾದ ಎಲೆ ಪೂರ್ತಿ ತಿರುಗದಿರಬಹುದು. ಮುಂದಿನ ಚಿಗುರು ನೋಡಿ ಲೆಕ್ಕ ಹಾಕಿ.

ಬೋರ್‌ವೆಲ್, ಟ್ಯಾಂಕರ್ ನೀರು ಗಡಸಾಗಿದ್ದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ಕುಂಡದ ಅಂಚಿಗೆ ಬಿಳಿ ಪದರ ಕಟ್ಟುತ್ತಿದ್ದರೆ ನಲ್ಲಿ ನೀರಿಗೆ ಬದಲಿಸಿ, ಮಳೆನೀರು ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಆಷಾಢದ ಮಳೆಯಲ್ಲಿ ಕುಂಡದ ತೂತು ಕಟ್ಟದಂತೆ ನೋಡಿಕೊಳ್ಳಿ, ಬೇರು ಕೊಳೆತರೂ ಎಲೆ ಹಳದಿಯಾಗುತ್ತದೆ.

ಹೂ ಬರುವುದು ಹೊಸ ರೆಂಬೆಯ ತುದಿಯಲ್ಲಿ. ಹಾಗಾಗಿ ಗೊಂಚಲು ಬಾಡಿದ ಮೇಲೆ ಎರಡು ಗೆಣ್ಣು ಕೆಳಕ್ಕೆ ಕತ್ತರಿಸಿ. ಡಿಸೆಂಬರ್, ಜನವರಿಯಲ್ಲಿ ಮಾತ್ರ ಬೇಡ, ಚಳಿಗೆ ಚಿಗುರು ಏಳುವುದಿಲ್ಲ.