ಒಂದು ಲೀಟರ್ ಎಣ್ಣೆ ಒಂದು ಕೆಜಿ ಅಲ್ಲ: ನನ್ನ ಸೋಪಿನ ಅನುಭವ

ನಮ್ಮದು ತಿಪಟೂರು. ಅಟ್ಟದ ಮೇಲೆ ಕೊಬ್ಬರಿ, ಊರಲ್ಲೇ ಗಾಣ. ಸೋಪು ಮಾಡೋಣ ಅಂತ ಮನಸ್ಸಾದಾಗ ಎಣ್ಣೆಗೆ ಹುಡುಕಬೇಕಾಗಿರಲಿಲ್ಲ. ಒಂದು ಲೀಟರ್ ಕೊಬ್ಬರಿ ಎಣ್ಣೆ ತಂದೆ, ಎಣ್ಣೆಯನ್ನು ಸೋಪಾಗಿಸುವ ಕಾಸ್ಟಿಕ್ ಸೋಡಾ (ಅಡುಗೆ ಸೋಡಾ ಅಲ್ಲ) 174 ಗ್ರಾಂ ತೂಗಿದೆ. ಅಚ್ಚಿನಿಂದ ತೆಗೆದಾಗ ಬೆಳ್ಳಗೆ, ಗಟ್ಟಿಯಾಗಿ, ಚೆನ್ನಾಗೇ ಇತ್ತು. ನಾಲ್ಕು ವಾರ ಒಣಗಿಸಿ ಕೈ ತೊಳೆದರೆ ಚರ್ಮ ಚುರುಚುರು ಅಂದಿತು. ಅತ್ತೆಯ ಕೈಯೂ ಕೆಂಪಗಾಯಿತು. "ಮಗೂಗೆ ಮಾತ್ರ ಹಚ್ಚಬೇಡಮ್ಮ" ಅಂದರು.

ಒದ್ದೆ ಬೆರಳನ್ನು ಸೋಪಿಗೆ ಒತ್ತಿ ನಾಲಿಗೆ ತುದಿಗೆ ಮುಟ್ಟಿಸಿದೆ. ಕರೆಂಟ್ ಹೊಡೆದ ಹಾಗೆ ಜುಮ್ ಅಂತು. ಸೋಡಾ ಉಳಿದುಬಿಟ್ಟಿದೆ ಅಂತ ಆಗ ಗೊತ್ತಾಯಿತು. ಆದರೆ ತಕ್ಕಡಿ ಸರಿಯಾಗಿತ್ತು, ಲೆಕ್ಕವೂ ಸರಿಯಾಗಿತ್ತು. ಒಂದು ಕೆಜಿ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಸೋಡಾ ಬೇಕು. ಸ್ವಲ್ಪ ಎಣ್ಣೆ ಉಳಿಯಲಿ ಅಂತ ಶೇಕಡಾ 5 ಕಡಿಮೆ ಮಾಡಿದರೆ 174. ಮತ್ತೆಲ್ಲಿ ತಪ್ಪಿತು?

ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಇನ್ನೊಂದು ಲೀಟರ್ ಎಣ್ಣೆಯನ್ನೇ ತಕ್ಕಡಿಗೆ ಇಟ್ಟೆ. 915 ಗ್ರಾಂ. ಎಣ್ಣೆ ನೀರಿಗಿಂತ ಹಗುರ ಅಲ್ವಾ! ಅಷ್ಟು ಎಣ್ಣೆ ಕುಡಿಯುವುದು ಹೆಚ್ಚೆಂದರೆ 167 ಗ್ರಾಂ ಸೋಡಾ. ಉಳಿದ ಆರೇಳು ಗ್ರಾಂ ನಮ್ಮ ಕೈ ಸುಟ್ಟಿತ್ತು. ಆವತ್ತಿನಿಂದ ಎಣ್ಣೆ, ನೀರು, ಸೋಡಾ ಎಲ್ಲವನ್ನೂ ತೂಗುತ್ತೇನೆ. ಅಳತೆ ಲೋಟ ಅಡುಗೆಗೆ ಮಾತ್ರ.

ಆ ಸೋಪನ್ನು ಎಸೆಯಲಿಲ್ಲ. ಗ್ಲೌಸ್ ಹಾಕಿಕೊಂಡು ತುರಿದೆ. 100 ಗ್ರಾಂ ಎಣ್ಣೆ, ಸ್ವಲ್ಪ ನೀರು ಸೇರಿಸಿ, ಸ್ಟೀಲ್ ಪಾತ್ರೆಯನ್ನು ಕುದಿಯುವ ನೀರಿನ ಮೇಲಿಟ್ಟು ಕರಗಿಸಿದೆ. ಗಂಜಿಯ ಹದ ಬಂದಾಗ ಅಚ್ಚಿಗೆ ಹಾಕಿದೆ. ಸೋಪಿನ ಮೈ ಒರಟಾಯಿತು, ಆದರೆ ನಾಲಿಗೆಗೆ ಜುಮ್ ಅನ್ನಲಿಲ್ಲ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡವೇ ಬೇಡ, ಸೋಡಾ ಅದನ್ನು ತಿಂದುಹಾಕುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿದರೆ ಸಿಡಿಯುತ್ತದೆ.

ಬರೀ ಕೊಬ್ಬರಿ ಎಣ್ಣೆಯ ಸೋಪು ಚರ್ಮ ಒಣಗಿಸುತ್ತದೆ. ಅದಕ್ಕೇ ಈಗ ಶೇಕಡಾ 20 ಎಣ್ಣೆ ಉಳಿಯುವಂತೆ, ಕೆಜಿಗೆ 146 ಗ್ರಾಂ ಸೋಡಾ ಹಾಕುತ್ತೇನೆ. ಕತ್ತರಿಸುವುದಕ್ಕೂ ಹೊತ್ತಿದೆ. ಒಮ್ಮೆ ಮರುದಿನದವರೆಗೆ ಬಿಟ್ಟಿದ್ದೆ, ಚಾಕು ಇಟ್ಟ ಕಡೆಯೆಲ್ಲ ಪುಡಿಪುಡಿ. ಈಗ ಬೆಳಿಗ್ಗೆ ಸುರಿದರೆ ಸಂಜೆಯೊಳಗೆ, ಇನ್ನೂ ಬೆಚ್ಚಗಿರುವಾಗಲೇ ಕತ್ತರಿಸುತ್ತೇನೆ.

ನೀರಿನದು ಬೇರೆ ಕಥೆ. ನಮ್ಮ ಬೋರ್‌ವೆಲ್ ನೀರಿಗೆ ಸೋಡಾ ಹಾಕಿದರೆ ಹಾಲಿನಂತೆ ಬೆಳ್ಳಗಾಗಿ ತಳದಲ್ಲಿ ಗಸಿ ನಿಲ್ಲುತ್ತದೆ. ಅದು ನೀರಿನ ಗಡಸು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದ ಮೇಲೆ ಆ ತೊಂದರೆ ಹೋಯಿತು. ಪಕ್ಕದ ಮನೆಯ ಅಕ್ಕ "ನೊರೆನೇ ಬರಲ್ಲ ಕಣೇ" ಅಂತ ಸೋಪು ವಾಪಸ್ ತಂದರು. ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರಲ್ಲಿ ಅದೇ ಸೋಪು ಉಜ್ಜಿ ತೋರಿಸಿದೆ. ಬೆರಳ ಸಂದಿಯಲ್ಲೆಲ್ಲ ನೊರೆ. ಅಕ್ಕ ಸೋಪನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡರು.